ಪ್ಲಾನರ್‌ನಲ್ಲಿ ಇಲ್ಲದ ಹಬ್ಬ

ಬೆಂಗಳೂರಿನಿಂದ ಬಂದ ಮಾಮೂ ನನಗೊಂದು ಹೊಸ ಪ್ಲಾನರ್ ಕೊಟ್ಟರು. ನಾನು ಅದನ್ನು ಮೊದಲು ತೆರೆದದ್ದು ಅಕೌಂಟೆನ್ಸಿ ಲೆಕ್ಕಕ್ಕೆ. ಜುಲೈ 12ರಂದು ಬರೆದ ಒಂದು ತಿಂಗಳ ಬಿಲ್ಲಿಗೆ ಮೂರು ಗ್ರೇಸ್ ದಿನ ಸೇರಿಸಿದರೆ ಆಗಸ್ಟ್ 15 ಬರುತ್ತದೆ. ಅಂದು ಸಾರ್ವಜನಿಕ ರಜೆ. ಆದ್ದರಿಂದ ಹಣ ಆಗಸ್ಟ್ 14ಕ್ಕೇ ಕೊಡಬೇಕು. ಹೀಗೆ ರಜೆಗಳನ್ನು ನೋಡುತ್ತಾ ಹೋದಾಗ ನಾನು ಎಂದೂ ಕೇಳದ ಹೆಸರುಗಳು ಸಿಕ್ಕವು.

ಕೈಲ್ ಮುಹೂರ್ತ, ತುಲಾ ಸಂಕ್ರಮಣ, ಹುತ್ತರಿ. ಮೂರರ ಮುಂದೆಯೂ 'ಕೊಡಗು ಜಿಲ್ಲೆಗೆ ಮಾತ್ರ' ಎಂದಿತ್ತು. ಲೈಬ್ರರಿಯಲ್ಲಿ ಹುಡುಕಿ ಓದಿದೆ. ಕೈಲ್ ಮುಹೂರ್ತದಲ್ಲಿ ಕೊಡವರು ಆಯುಧಗಳಿಗೆ ಪೂಜೆ ಮಾಡುತ್ತಾರೆ. ಹುತ್ತರಿ ಹೊಸ ಭತ್ತದ ಹಬ್ಬ. ಆಗಸ್ಟ್‌ನಲ್ಲಿ ಪಾರ್ಸಿ ಹೊಸ ವರ್ಷವೂ ಇತ್ತು. ಆ ಪಂಚಾಂಗದ ವರ್ಷಕ್ಕೆ 365 ದಿನ, ಅಧಿಕ ದಿನ ಇಲ್ಲ. ಹಾಗಾಗಿ ಹೊಸ ವರ್ಷ ಶತಮಾನಗಳಲ್ಲಿ ನಿಧಾನವಾಗಿ ಸರಿಯುತ್ತಾ ಆಗಸ್ಟ್‌ಗೆ ಬಂದಿದೆ. ನಮ್ಮ ಹಿಜರಿ ವರ್ಷ ಇನ್ನೂ ಚಿಕ್ಕದು. ಅದಕ್ಕೇ ರಂಜಾನ್ ಒಮ್ಮೆ ಬಿಸಿಲಿನಲ್ಲಿ, ಒಮ್ಮೆ ಚಳಿಯಲ್ಲಿ ಬರುತ್ತದೆ.

ಇಷ್ಟೆಲ್ಲ ತಿಳಿದ ಖುಷಿಯಲ್ಲಿ ನನ್ನ ಬೆಂಚಿನ ಗೆಳತಿಗೆ ಪ್ಲಾನರ್ ತೋರಿಸಿದೆ. ಅವಳು ಡಿಸೆಂಬರ್ ಪುಟ ತಿರುವಿ ಕೇಳಿದಳು: "ಎಲ್ಲಾ ಐತಿ, ನಮ್ಮ ಎಳ್ಳ ಅಮಾಸಿ ಎಲ್ಲೈತಿ?"

ಇರಲಿಲ್ಲ. ಆಗ ಹೋದ ವರ್ಷದ ಒಂದು ವಿಷಯ ನೆನಪಾಯಿತು. ಆ ಅಮಾವಾಸ್ಯೆಯ ದಿನ ನಮಗೆ ಟೆಸ್ಟ್ ಇತ್ತು. ಅವಳು ಬರಲಿಲ್ಲ, ಸೊನ್ನೆ ಬಿತ್ತು. ಟೆಸ್ಟಿಗೆ ಹೆದರಿ ತಪ್ಪಿಸಿಕೊಂಡಳು ಎಂದು ನಾನೂ ನಕ್ಕಿದ್ದೆ. ಆದರೆ ಅಂದು ಅವಳ ಮನೆಯವರೆಲ್ಲ ಸಜ್ಜಿ ರೊಟ್ಟಿ, ಶೇಂಗಾ ಹೋಳಿಗೆ ಕಟ್ಟಿಕೊಂಡು ಹೊಲಕ್ಕೆ ಹೋಗಿದ್ದರು. ಬೆಳೆದು ನಿಂತ ಜೋಳದಲ್ಲಿ ಚರಗ ಚೆಲ್ಲಿ, ಭೂಮಿತಾಯಿಗೆ ಕೊಟ್ಟ ಮೇಲೆ ತಾವು ಉಂಡಿದ್ದರು. "ಯಾಕೆ ಸರ್‌ಗೆ ಹೇಳಲಿಲ್ಲ?" ಎಂದು ಕೇಳಿದರೆ, "ಸೂಟಿ ಇಲ್ಲದ ಹಬ್ಬಕ್ಕ ಏನಂತ ಹೇಳ್ಲಿ?" ಅಂದಳು.

ಮನೆಯಲ್ಲಿ ಹೇಳಿದಾಗ ದಾದಿ ನಕ್ಕರು. ಅವರು ಹೊಲದ ಕೂಲಿಗೆ ಹೋಗುತ್ತಿದ್ದ ಕಾಲದಲ್ಲಿ ಚರಗದ ಊಟ ನಮ್ಮ ಮನೆಗೂ ಬರುತ್ತಿತ್ತಂತೆ. ದಾದಿಗೆ ಗೊತ್ತಿದ್ದದ್ದು ನನಗೆ ಗೊತ್ತಿರಲಿಲ್ಲ. ಕೊಡಗಿನ ಹಬ್ಬವನ್ನು ಪುಸ್ತಕ ನೋಡಿ ಕಲಿತೆ. ಕುಳಗೇರಿ ಕ್ರಾಸ್‌ನ ಬಸ್ಸಿನ ಕಿಟಕಿಯಿಂದ ದಿನಾ ಕಾಣುವ ಹೊಲದ ಹಬ್ಬವನ್ನು ಕೇಳಲೇ ಇಲ್ಲ.

ನಮ್ಮ ಕಾಲೇಜಿನಲ್ಲಿ ಈದ್‌ಗೆ ರಜೆ ಇದೆ. ಚಂದ್ರ ಕಾಣುವುದು ಒಂದು ದಿನ ತಡವಾದರೆ ಟೆಸ್ಟನ್ನೂ ಒಂದು ದಿನ ಮುಂದೆ ಹಾಕುತ್ತಾರೆ. ನಾವು ಕೇಳುವುದೂ ಬೇಕಾಗಿಲ್ಲ, ಎಲ್ಲರಿಗೂ ಗೊತ್ತು. ಹೇಳದೆಯೇ ಅರ್ಥವಾಗುವ ಆ ನೆಮ್ಮದಿ ನನ್ನ ಗೆಳತಿಗೆ ಇರಲಿಲ್ಲ.

ಎಲ್ಲ ಹಬ್ಬಕ್ಕೂ ರಜೆ ಕೊಟ್ಟರೆ ಪೋರ್ಷನ್ ಮುಗಿಯುವುದು ಯಾವಾಗ ಎಂದು ಕೆಲವರು ಕೇಳಬಹುದು. ನಾನು ರಜೆ ಕೇಳುತ್ತಿಲ್ಲ. ಬಿಲ್ಲಿನ ಪಾಠವನ್ನೇ ನೆನಪಿಸುತ್ತೇನೆ: ರಜೆ ಬಂದರೆ ಸಾಲ ಮನ್ನಾ ಆಗುವುದಿಲ್ಲ, ದಿನ ಮಾತ್ರ ಬದಲಾಗುತ್ತದೆ. ಟೆಸ್ಟೂ ಹಾಗೆಯೇ ಒಂದು ದಿನ ಮೊದಲು ನಡೆಯಬಹುದು.

ಅದಕ್ಕೆ ನನ್ನದೊಂದು ಸಣ್ಣ ವಿನಂತಿ. ಜೂನ್‌ನಲ್ಲಿ ಪ್ರತಿ ಕ್ಲಾಸಿನಲ್ಲೂ ಒಂದು ಖಾಲಿ ಹಾಳೆ ತಿರುಗಿಸೋಣ. ಎಳ್ಳ ಅಮಾವಾಸ್ಯೆ, ಊರ ಜಾತ್ರೆ, ಉರುಸು, ಹೀಗೆ ಯಾರಿಗೆ ಯಾವ ದಿನ ಬರಲು ಆಗುವುದಿಲ್ಲವೋ ಅವರು ಬರೆಯಲಿ. ಟೆಸ್ಟಿನ ವೇಳಾಪಟ್ಟಿ ಹಾಕುವ ಮೊದಲು ಉಪನ್ಯಾಸಕರು ಅದನ್ನೊಮ್ಮೆ ನೋಡಲಿ.

ನನ್ನ ಪ್ಲಾನರ್‌ನ ಡಿಸೆಂಬರ್ ಪುಟದಲ್ಲಿ ಈಗ ಗೆಳತಿಯ ಅಕ್ಷರದಲ್ಲಿ 'ಎಳ್ಳ ಅಮಾಸಿ' ಎಂದಿದೆ. ಅದರ ಕೆಳಗೆ ಅವಳೇ ಬರೆದಿದ್ದಾಳೆ: 'ಊಟಕ್ಕ ಬಾ, ದಾದೀನೂ ಕರಕೊಂಡು ಬಾ.'