ನೆರೆಯಲ್ಲಿ ದೋಣಿ ಇದ್ದರೆ ಸಾಲದು, ಥ್ರಾಟಲ್ ಹಿಡಿಯುವ ಕೈ ಪಳಗಿರಬೇಕು

ಕೃಷ್ಣಗಿರಿ: 2024ರ ಡಿಸೆಂಬರ್ ಆರಂಭದಲ್ಲಿ ಫೆಂಗಲ್ ಚಂಡಮಾರುತದ ದೆಸೆಯಿಂದ ಊತ್ತಂಗರೆಯಲ್ಲಿ ಒಂದೇ ದಿನ ಸುಮಾರು 50 ಸೆಂಟಿಮೀಟರ್ ಮಳೆ ಸುರಿಯಿತು. ಕೆರೆ ಕೋಡಿ ಹರಿದು, ರಸ್ತೆ ಬದಿ ನಿಂತಿದ್ದ ವಾಹನಗಳು ಕೊಚ್ಚಿಹೋದವು. ಸಮುದ್ರವೇ ಇಲ್ಲದ ಜಿಲ್ಲೆಗೆ ಮೋಟಾರು ದೋಣಿ ಯಾಕಪ್ಪಾ ಎನ್ನುವವರಿಗೆ ಅಂದೇ ಉತ್ತರ ಸಿಕ್ಕಿತು.

ನೆರೆ ಬಂದಾಗ ಎಲ್ಲರೂ ಕೇಳುವುದು ದೋಣಿ ಎಷ್ಟಿವೆ ಎಂದು. ಓಡಿಸುವವರು ಯಾರು, ಎಷ್ಟು ದಿನ ಅಭ್ಯಾಸ ಮಾಡಿದ್ದಾರೆ ಎಂದು ಕೇಳುವವರು ಕಡಿಮೆ. ಗೋವಾದ ಕಡಲತೀರಗಳಲ್ಲಿ ಜೀವರಕ್ಷಕರು ಬಳಸುವ ಜೆಟ್ ಸ್ಕೀಯನ್ನೇ ನೋಡಿ. ನೋಡಲು ನೀರಿನ ಮೇಲಿನ ಬೈಕು. ಹ್ಯಾಂಡಲ್ ಇದೆ, ಬಲಗೈಯಲ್ಲಿ ಥ್ರಾಟಲ್ ಇದೆ. ಬೈಕ್ ಬಲ್ಲವರಿಗೆ ಇದೇನು ಮಹಾ ಎನಿಸುತ್ತದೆ. ಅಪಾಯ ಇರುವುದೇ ಅಲ್ಲಿ!

ರಸ್ತೆಯಲ್ಲಿ ಅಡ್ಡ ಏನಾದರೂ ಬಂದರೆ ಆಕ್ಸಿಲರೇಟರ್ ಬಿಡುತ್ತೇವೆ, ಬ್ರೇಕ್ ಒತ್ತುತ್ತೇವೆ, ಪಕ್ಕಕ್ಕೆ ತಿರುಗಿಸುತ್ತೇವೆ. ಜೆಟ್ ಸ್ಕೀಗೆ ಚುಕ್ಕಾಣಿ ಇಲ್ಲ. ತಳದಿಂದ ನೀರು ಹೀರಿ ಹಿಂದಿನ ನಳಿಗೆಯಿಂದ ಚಿಮ್ಮಿಸುತ್ತದೆ. ಹ್ಯಾಂಡಲ್ ತಿರುಗಿಸಿದರೆ ಆ ನಳಿಗೆ ತಿರುಗುತ್ತದೆ, ಅಷ್ಟೆ. ಥ್ರಾಟಲ್ ಪೂರ್ತಿ ಬಿಟ್ಟರೆ ಚಿಮ್ಮುವ ನೀರು ತಗ್ಗುತ್ತದೆ. ಆಗ ಹ್ಯಾಂಡಲ್ ಎಷ್ಟು ತಿರುಗಿಸಿದರೂ ಗಾಡಿ ಬಂದ ದಿಕ್ಕಿಗೇ ಜಾರುತ್ತದೆ. ಮುಂದೆ ಮುಳುಗುತ್ತಿರುವ ಮನುಷ್ಯನಿದ್ದರೆ ಅವನ ಮೇಲೆಯೇ ಹೋಗುತ್ತದೆ. ಸೀ-ಡೂ ಕಂಪನಿ 2009ರಲ್ಲಿ ಬ್ರೇಕ್ ಇರುವ ಮಾದರಿ ತಂದಿತು. ಆದರೂ ಎಲ್ಲ ಜೆಟ್ ಸ್ಕೀಗಳಲ್ಲಿ ಬ್ರೇಕ್ ಇಲ್ಲ.

ಹಾಗಾಗಿ ಪಳಗಿದವರು ವೇಗವನ್ನು ದೂರದಲ್ಲೇ ಇಳಿಸುತ್ತಾರೆ. ಹರಿವ ನೀರಿನಲ್ಲಾದರೆ ಕೆಳಗಡೆಯಿಂದ, ಮೂತಿಯನ್ನು ಪ್ರವಾಹಕ್ಕೆ ಎದುರಾಗಿಟ್ಟು ಹತ್ತಿರ ಬರುತ್ತಾರೆ. ಆಗ ಪ್ರವಾಹವೇ ಬ್ರೇಕ್. ಥ್ರಾಟಲನ್ನು ತುಸುವೇ ಒತ್ತಿ ಹಿಡಿದರೆ ಗಾಡಿ ನಿಂತಲ್ಲೇ ನಿಲ್ಲುತ್ತದೆ, ತಿರುಗುವ ಶಕ್ತಿಯೂ ಉಳಿಯುತ್ತದೆ. ಮುಳುಗುತ್ತಿರುವವರನ್ನು ಎಡಬದಿಗೆ ತಂದುಕೊಳ್ಳುವುದು ರೂಢಿ, ಯಾಕೆಂದರೆ ಬಲಗೈ ಥ್ರಾಟಲ್ ಬಿಡುವಂತಿಲ್ಲ. ಅವರು ಹಿಂಬದಿಯಿಂದ ಹತ್ತುವಾಗ ಮಾತ್ರ ಎಂಜಿನ್ ಆಫ್ ಆಗಿರಲೇಬೇಕು. ತಳದ ಬಾಯಿ ಸೀರೆ ಸೆರಗು, ಪಂಚೆ, ಬಿಚ್ಚಿದ ಕೂದಲನ್ನು ಎಳೆದುಕೊಳ್ಳಬಲ್ಲದು. ಹಿಂದೆ ಚಿಮ್ಮುವ ನೀರು ದೇಹದೊಳಗೆ ಗಾಯ ಮಾಡುವಷ್ಟು ಜೋರು. ಓಡಿಸುವವನ ಮಣಿಕಟ್ಟಿಗೋ ಜಾಕೆಟ್ಟಿಗೋ ಕಟ್ಟುವ ದಾರವೂ ಅಲಂಕಾರಕ್ಕಲ್ಲ. ಅವನು ಬಿದ್ದರೆ ದಾರ ಕಳಚಿ ಎಂಜಿನ್ ನಿಲ್ಲುತ್ತದೆ.

ಈಗ ನಮ್ಮ ನೀರಿನ ಕಥೆ. ನಂದಿಬೆಟ್ಟದಲ್ಲಿ ಹುಟ್ಟುವ ದಕ್ಷಿಣ ಪಿನಾಕಿನಿ, ತಮಿಳಿನವರ ತೆನ್‌ಪೆಣ್ಣೈ, ಬೆಂಗಳೂರಿನ ಕೊಳಚೆಯನ್ನೂ ಹೊತ್ತು ಹೊಸೂರಿನ ಕೆಲವರಪಳ್ಳಿ ಅಣೆಗೆ ಬರುತ್ತದೆ. ಅಲ್ಲಿ ನೀರು ಬಿಟ್ಟಾಗ ಏಳುವ ನೊರೆಯ ಗುಡ್ಡೆ ಗಡಿಯವರಿಗೆ ಹೊಸದಲ್ಲ. ಗಾಳಿ ಬೆರೆತ ನೀರನ್ನು ಜೆಟ್ ಪಂಪು ಹಿಡಿಯದು. ಎಂಜಿನ್ ಕಿರುಚುತ್ತದೆ, ಗಾಡಿ ಹೋಗದು. ಜೊಂಡು, ಪ್ಲಾಸ್ಟಿಕ್ ಸಿಕ್ಕರೂ ಅದೇ ಗತಿ. ಆಗ ಇನ್ನಷ್ಟು ಥ್ರಾಟಲ್ ಒತ್ತುವುದು ಹೊಸಬರ ತಪ್ಪು. ಸಾಲದ್ದಕ್ಕೆ ಎರಡು ಮೂರು ಅಡಿಗಿಂತ ಕಡಿಮೆ ನೀರಿದ್ದರೆ ಕಲ್ಲು, ಮರಳನ್ನೂ ಹೀರಿಕೊಳ್ಳುತ್ತದೆ. ಊರೊಳಗೆ ಮೊಣಕಾಲುದ್ದ ನೀರು ನಿಂತಾಗ ಜೆಟ್ ಸ್ಕೀ ಕೇಳುವುದೇ ದಂಡ. ಅಲ್ಲಿ ರಬ್ಬರ್ ದೋಣಿಯೇ ಮೇಲು. ಅದಕ್ಕೆ ಮೋಟಾರು ಕಟ್ಟಿದ್ದರೂ ಜನರ ಹತ್ತಿರ ನ್ಯೂಟ್ರಲ್‌ಗೆ ತರದಿದ್ದರೆ ಪ್ರೊಪೆಲರ್ ಕಾಲು ಕತ್ತರಿಸೀತು.

2018ರ ಕೇರಳ ನೆರೆಯಲ್ಲಿ ಮೀನುಗಾರರು ಸಾವಿರಾರು ಮಂದಿಯನ್ನು ಉಳಿಸಿದರು. ಅವರದು ದಿನವೂ ಮೋಟಾರು ಹಿಡಿದ ಕೈ. ಕೃಷ್ಣಗಿರಿಯಲ್ಲಿ ಅಂಥ ಕೈಗಳನ್ನು ತಯಾರು ಮಾಡಬೇಕು. ಎನ್‌ಡಿಆರ್‌ಎಫ್‌ನ 4ನೇ ಬೆಟಾಲಿಯನ್ ಇರುವುದು ಅರಕ್ಕೋಣಂನಲ್ಲಿ. ಅವರು ಬರುವವರೆಗೆ ಸ್ಥಳೀಯ ಅಗ್ನಿಶಾಮಕ ಸಿಬ್ಬಂದಿ, ಊರ ಹುಡುಗರೇ ಗತಿ. ಅಭ್ಯಾಸಕ್ಕೆ ಕೃಷ್ಣಗಿರಿ ಅಣೆಯ ಹಿನ್ನೀರಿದೆ. ಹಿಂಗಾರಿಗೆ ಸ್ವಲ್ಪ ಮುಂಚೆ, ಅಕ್ಟೋಬರ್ 2ರಂದು ಪ್ರತಿ ಪಂಚಾಯಿತಿಯಲ್ಲೂ ಗ್ರಾಮಸಭೆ ಇರುತ್ತದೆ. ದೋಣಿ ಎಷ್ಟು ಎಂಬುದರ ಜೊತೆಗೆ, ಈ ವರ್ಷ ಅದನ್ನು ನೀರಿಗಿಳಿಸಿ ಎಷ್ಟು ಗಂಟೆ ಓಡಿಸಿದಿರಿ ಎಂದೂ ಅಲ್ಲಿ ಕೇಳಬಹುದು.