ಮೊಹೆಂಜೊದಾರೊ ಹುಡುಗಿಗೆ ಉಡುಪು ತೊಡಿಸಲು ನಾವು ಯಾರು?

2023ರ ಮೇ 18ರಂದು ದೆಹಲಿಯ ಪ್ರಗತಿ ಮೈದಾನದಲ್ಲಿ ಪ್ರಧಾನಿ ನರೇಂದ್ರ ಮೋದಿ ಅಂತರರಾಷ್ಟ್ರೀಯ ಮ್ಯೂಸಿಯಂ ಎಕ್ಸ್‌ಪೋ ಉದ್ಘಾಟಿಸಿದರು. ಸಿಂಧೂ (ಹರಪ್ಪ) ನಾಗರಿಕತೆಯ ಊರಾದ ಮೊಹೆಂಜೊದಾರೊದ ಕಂಚಿನ ಹುಡುಗಿಯೇ ಆ ಪ್ರದರ್ಶನದ ಲಾಂಛನ. ಆದರೆ ಅಲ್ಲಿ ಆಳೆತ್ತರಕ್ಕೆ ನಿಂತಿದ್ದವಳು ನಾವೆಲ್ಲ ಶಾಲೆಯ ಪಠ್ಯಪುಸ್ತಕದಲ್ಲಿ ಕಂಡವಳಂತಿರಲಿಲ್ಲ. ಮೈಬಣ್ಣ ತಿಳಿಯಾಗಿತ್ತು. ಬೆತ್ತಲೆ ಮೈಗೆ ಗುಲಾಬಿ ಬಣ್ಣದ ಉಡುಪು ಬಂದಿತ್ತು. ಇದನ್ನು ಹಲವು ಇತಿಹಾಸಕಾರರು, ಕಲಾವಿದರು ಆಕ್ಷೇಪಿಸಿದರು. ಇದು ಮೂಲ ಶಿಲ್ಪದ ಪ್ರತಿಕೃತಿಯಲ್ಲ, ನಮ್ಮ ದ್ವಾರಪಾಲಕರ ಪರಂಪರೆಯನ್ನು ಇಂದಿನ ಕಾಲಕ್ಕೆ ಹೊಂದಿಸಿಕೊಂಡ ರೂಪ ಎಂದು ಸಂಸ್ಕೃತಿ ಸಚಿವಾಲಯ ಸಮರ್ಥಿಸಿಕೊಂಡಿತು. ಗೊಂಬೆಯನ್ನು ರೂಪಿಸಿದ್ದು ನಮ್ಮ ಚನ್ನಪಟ್ಟಣದ ಗೊಂಬೆಗಳ ಶೈಲಿಯಲ್ಲಿ. ಹಾಗಾಗಿ ಈ ವಿವಾದಕ್ಕೆ ಕರ್ನಾಟಕದ ನಂಟೂ ಇದೆ. ಚನ್ನಪಟ್ಟಣದ ಕುಶಲಕರ್ಮಿಗಳ ಕೈಚಳಕದ ಬಗ್ಗೆ ನನಗೆ ಅಪಾರ ಗೌರವವಿದೆ. ನನ್ನ ತಕರಾರು ಆ ಹುಡುಗಿಗೆ ಉಡುಪು ಬೇಕು ಎಂದು ತೀರ್ಮಾನಿಸಿದವರ ಜೊತೆಗೆ.

ಆ ತೀರ್ಮಾನದ ಹಿಂದೆ ಒಂದು ತೀರ್ಪು ಅಡಗಿದೆ. ಬೆತ್ತಲೆ ಎಂದರೆ ನಾಚಿಕೆ, ಕಪ್ಪು ಎಂದರೆ ಕೊರತೆ, ನಮ್ಮ ಪೂರ್ವಿಕರಲ್ಲಿ ಇವೆರಡೂ ಇದ್ದಿರಬಾರದು ಎಂಬ ತೀರ್ಪು. ಇಂದಿನ ನಮ್ಮ ಮರ್ಯಾದೆಯ ಲೆಕ್ಕವನ್ನು ನಾಲ್ಕೂವರೆ ಸಾವಿರ ವರ್ಷಗಳ ಹಿಂದಿನ ಊರೊಂದರ ಮೇಲೆ ಹೇರಿದ್ದೇವೆ. ಪ್ರಾಚೀನ ನಾಗರಿಕತೆಗಳ ಅಧ್ಯಯನಕ್ಕೆ ಇದಕ್ಕಿಂತ ದೊಡ್ಡ ಅಡ್ಡಿ ಇನ್ನೊಂದಿಲ್ಲ ಎಂಬುದು ನನ್ನ ದೃಢವಾದ ನಂಬಿಕೆ. ಒಳ್ಳೆಯದು–ಕೆಟ್ಟದ್ದು, ಹಿರಿದು–ಕಿರಿದು ಎಂಬ ತೀರ್ಪು ಮುಂದೆ ಬಂದ ಕಡೆ ಪ್ರಶ್ನೆ ಕೇಳುವ ಕೆಲಸ ಅಲ್ಲಿಗೇ ನಿಂತುಬಿಡುತ್ತದೆ.

ಮೂಲ ಶಿಲ್ಪವನ್ನು ಒಮ್ಮೆ ಹತ್ತಿರದಿಂದ ನೋಡೋಣ. 1926ರಲ್ಲಿ ಮೊಹೆಂಜೊದಾರೊದ ಮನೆಯೊಂದರ ಅವಶೇಷಗಳಲ್ಲಿ ಸಿಕ್ಕ ಈ ಮೂರ್ತಿಯ ಎತ್ತರ ಕೇವಲ ಹತ್ತೂವರೆ ಸೆಂಟಿಮೀಟರ್. ನಮ್ಮ ಅಂಗೈ ಮೇಲೆ ನಿಲ್ಲುವಷ್ಟು ಚಿಕ್ಕದು. ಪಾದಗಳು ಉಳಿದಿಲ್ಲ. ಬಲಗೈ ಸೊಂಟದ ಮೇಲಿದೆ, ಎಡಗೈ ತೊಡೆಯ ಮೇಲೆ ಇಳಿದಿದೆ. ಎಡಗೈಯ ಹಿಡಿತ ನೋಡಿದರೆ ಅಲ್ಲಿ ಒಮ್ಮೆ ಏನೋ ವಸ್ತು ಇದ್ದಂತಿದೆ. ಎಡತೋಳಿಗೆ ಭುಜದಿಂದ ಮಣಿಕಟ್ಟಿನವರೆಗೂ ಬಳೆ, ಬಲತೋಳಿಗೆ ನಾಲ್ಕೇ ನಾಲ್ಕು. ಕೊರಳಲ್ಲಿ ಮೂರು ಪದಕಗಳ ಹಾರ, ತಲೆಯ ಹಿಂದೆ ಕಟ್ಟಿದ ತುರುಬು. ಮೇಣದಲ್ಲಿ ಮೂರ್ತಿ ಮಾಡಿ, ಅದಕ್ಕೆ ಜೇಡಿಮಣ್ಣು ಮೆತ್ತಿ, ಕಾಯಿಸಿ ಮೇಣ ಕರಗಿಸಿ, ಆ ಜಾಗಕ್ಕೆ ಕರಗಿದ ಲೋಹ ಸುರಿದು ಇದನ್ನು ಎರಕ ಹೊಯ್ದಿದ್ದಾರೆ. ಇಷ್ಟು ನಮ್ಮ ಕಣ್ಣಿಗೆ ಕಾಣುವ ಸಂಗತಿ.

ಇನ್ನು ಇವಳು 'ನರ್ತಕಿ' ಎಂಬ ಮಾತಿಗೆ ಬರೋಣ. ಅದು ಶಿಲ್ಪ ಹೇಳಿದ ಮಾತಲ್ಲ, ಆಗ ಭಾರತೀಯ ಪುರಾತತ್ವ ಇಲಾಖೆಯ ಮುಖ್ಯಸ್ಥರಾಗಿದ್ದ ಜಾನ್ ಮಾರ್ಷಲ್ ಹೇಳಿದ್ದು. ಸೊಂಟದ ಮೇಲೆ ಕೈಯಿಟ್ಟು ನಿಂತ ಭಂಗಿಯಲ್ಲಿ ಅವರಿಗೆ ತುಸು ಉದ್ಧಟತನ ಕಂಡಿತು, ಕಾಲು ತಾಳ ಹಾಕುತ್ತಿರುವಂತೆ ತೋರಿತು. ಬ್ರಿಟಿಷ್ ಭಾರತದ ಅಧಿಕಾರಿಗಳ ಮನಸ್ಸಿನಲ್ಲಿ ಕುಣಿದು ರಂಜಿಸುವ ನಾಚ್ ಹುಡುಗಿಯ ಚಿತ್ರವೊಂದು ಮೊದಲೇ ನೆಲೆಗೊಂಡಿತ್ತು. ಅದನ್ನೇ ಅವರು ಕಂಚಿನ ಮೇಲೆ ಕಂಡರು. ಇವಳು ಹರಕೆ ಹೊತ್ತವಳೇ, ಮನೆಯ ಮಗಳೇ, ದೇವತೆಯೇ, ಕೈಯಲ್ಲಿ ಬಟ್ಟಲು ಹಿಡಿದಿದ್ದಳೇ ಎಂಬ ಪ್ರಶ್ನೆಗಳನ್ನು ಆ ಒಂದು ಹೆಸರು ದಶಕಗಳ ಕಾಲ ತಡೆದು ನಿಲ್ಲಿಸಿತು. 2016ರಲ್ಲಿ ಭಾರತೀಯ ಇತಿಹಾಸ ಸಂಶೋಧನಾ ಪರಿಷತ್ತಿನ ಹಿಂದಿ ಪತ್ರಿಕೆಯಲ್ಲಿ ಪ್ರಕಟವಾದ ಲೇಖನವೊಂದು ಇವಳನ್ನು ಪಾರ್ವತಿ ಎಂದು ಕರೆಯಿತು. ಮಾರ್ಷಲ್ ಇವಳನ್ನು ಕೀಳಾಗಿ ಕಂಡರು, ಪಾರ್ವತಿ ಎಂದವರು ಪೂಜ್ಯವಾಗಿ ಕಂಡರು. ಇಬ್ಬರ ತೀರ್ಪಿಗೂ ಅದೇ ಊರಿನ ಮಣ್ಣಿನಿಂದ ಪುರಾವೆ ಸಿಕ್ಕಿರಲಿಲ್ಲ.

ಉಡುಪಿನ ಮಾತಿಗೆ ಮರಳೋಣ. ಮೊಹೆಂಜೊದಾರೊದ ಜನಕ್ಕೆ ಬಟ್ಟೆ ಗೊತ್ತಿರಲಿಲ್ಲವೇ? ಚೆನ್ನಾಗಿಯೇ ಗೊತ್ತಿತ್ತು. ಅಲ್ಲಿ ಸಿಕ್ಕ ಬೆಳ್ಳಿಯ ಪಾತ್ರೆಯೊಂದಕ್ಕೆ ಅಂಟಿಕೊಂಡು ಹತ್ತಿಬಟ್ಟೆಯ ತುಣುಕು ಉಳಿದಿದೆ, ಅದಕ್ಕೆ ಬಣ್ಣ ಕಟ್ಟಿದ ಗುರುತೂ ಇದೆ. ಅದೇ ಊರಿನಲ್ಲಿ ಸಿಕ್ಕ, ಹದಿನೇಳೂವರೆ ಸೆಂಟಿಮೀಟರ್ ಎತ್ತರದ ಗಡ್ಡದ ಪುರುಷನ ಕಲ್ಲಿನ ಶಿಲ್ಪ ಎಡಹೆಗಲ ಮೇಲೆ ಮೂರೆಸಳಿನ ಚಿತ್ತಾರದ ಶಾಲು ಹೊದ್ದಿದೆ. ಮಣ್ಣಿನ ಹೆಣ್ಣುಗೊಂಬೆಗಳು ನಡುಪಟ್ಟಿ ಕಟ್ಟಿಕೊಂಡು ದೊಡ್ಡ ತಲೆಯುಡುಗೆ ಧರಿಸಿವೆ. ಅಂದರೆ ಶಿಲ್ಪಿ ಬಟ್ಟೆಯನ್ನು ಬಲ್ಲವನು, ಶಿಲ್ಪದಲ್ಲಿ ಬಟ್ಟೆ ತೋರಿಸುವುದನ್ನೂ ಬಲ್ಲವನು. ಆದರೂ ಈ ಹುಡುಗಿಯನ್ನು ಬಳೆ, ಹಾರ ಬಿಟ್ಟು ಬರಿಮೈಯಲ್ಲಿ ಎರಕ ಹೊಯ್ದ. ಏಕೆ? ಬಲಗೈಗೆ ನಾಲ್ಕು ಬಳೆ ಸಾಕಾಗಿ, ಎಡತೋಳಿನ ತುಂಬ ಬೇಕಾಯಿತೇಕೆ? ಅದೇ ನಾಗರಿಕತೆಯ ಇನ್ನೊಂದು ಊರಾದ ಹರಪ್ಪದ ಸಮಾಧಿಗಳಲ್ಲಿ ಹೆಂಗಸರ ಎಡಗೈಯಲ್ಲಿ ಶಂಖದ ಬಳೆಗಳು ಸಿಕ್ಕಿವೆ. ಶಿಲ್ಪಕ್ಕೂ ಸಮಾಧಿಗೂ ಇರುವ ಈ ಸಂಬಂಧದ ಎಳೆ ಹಿಡಿದು ಹೋದರೆ ಆ ಕಾಲದ ಹೆಣ್ಣುಮಕ್ಕಳ ಬದುಕಿನ ಒಂದು ಬಾಗಿಲು ತೆರೆಯಬಹುದು. 'ಬೆತ್ತಲೆ ಸರಿಯಲ್ಲ' ಎಂದು ಉಡುಪು ತೊಡಿಸಿದವರು ಆ ಬಾಗಿಲನ್ನೇ ಮುಚ್ಚಿದರು.

ಮೈಬಣ್ಣದ ವಿಷಯದಲ್ಲಿ ವಿವಾದದ ಎರಡೂ ಪಕ್ಷಗಳು ಎಡವಿವೆ. ತಿಳಿಬಣ್ಣ ಬಳಿದದ್ದು ತಪ್ಪು, ಅನುಮಾನವಿಲ್ಲ. ಆದರೆ ಇವಳು ಕಪ್ಪು ಬಣ್ಣದ ದ್ರಾವಿಡ ಹುಡುಗಿ, ಅದಕ್ಕೇ ಬಣ್ಣ ಬದಲಿಸಿದರು ಎಂದು ವಾದಿಸಿದವರೂ ಇಲ್ಲದ ಪುರಾವೆಯನ್ನು ತಂದರು. ಕಂಚು ಕಾಲಕ್ರಮೇಣ ಕಪ್ಪಾಗುವುದು ಲೋಹದ ಗುಣ. ಅದನ್ನು ನೋಡಿ ಮೈಬಣ್ಣ ಹೇಳಲಾಗದು, ಆಡುತ್ತಿದ್ದ ಮಾತು ಯಾವುದೆಂದು ಹೇಳುವುದಂತೂ ಸಾಧ್ಯವೇ ಇಲ್ಲ. ಅವಳ ಜನ ಬರೆದ ಸಿಂಧೂ ಲಿಪಿಯನ್ನು ಎಲ್ಲರೂ ಒಪ್ಪುವಂತೆ ಓದಿದವರು ಇಂದಿಗೂ ಯಾರೂ ಇಲ್ಲ.

ತೀರ್ಪು ಕೊಡುವ ಚಟ ದೊಡ್ಡ ವಿದ್ವಾಂಸರನ್ನೂ ಬಿಟ್ಟಿಲ್ಲ. 1950ರಲ್ಲಿ ಪ್ರಾಚೀನ ಭಾರತದ ಕುರಿತು ಪುಸ್ತಕ ಬರೆದ ಬ್ರಿಟಿಷ್ ಪುರಾತತ್ವಜ್ಞ ಸ್ಟುವರ್ಟ್ ಪಿಗಟ್, ಹರಪ್ಪ ನಾಗರಿಕತೆ ಜಡವಾದದ್ದು, ತನಗೆ ಅದರಲ್ಲಿ ಹೇವರಿಕೆ ತರಿಸುವಂಥದ್ದೇನೋ ಇದೆ ಎಂದು ನೇರವಾಗಿಯೇ ಬರೆದರು. 1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್, ಮೊಹೆಂಜೊದಾರೊದ ಬೀದಿಗಳಲ್ಲಿ ಸಿಕ್ಕ ಅಸ್ಥಿಪಂಜರಗಳನ್ನು ಮುಂದಿಟ್ಟುಕೊಂಡು, ಆರ್ಯರು ದಾಳಿ ಮಾಡಿ ಜನರನ್ನು ಕೊಂದರೆಂದು ಇಂದ್ರನನ್ನೇ ಆರೋಪಿಯ ಸ್ಥಾನದಲ್ಲಿ ನಿಲ್ಲಿಸಿದರು. ಆ ಅಸ್ಥಿಪಂಜರಗಳು ಒಂದೇ ಕಾಲದವಲ್ಲ, ಒಂದೇ ದಾಳಿಯಲ್ಲಿ ಸತ್ತವರವೂ ಅಲ್ಲ ಎಂದು 1964ರಲ್ಲಿ ಪುರಾತತ್ವಜ್ಞ ಜಾರ್ಜ್ ಡೇಲ್ಸ್ ತೋರಿಸಿದರು. ಅಷ್ಟರಲ್ಲಿ ಕೊಂದವರು–ಸತ್ತವರು ಎಂಬ ಕಥೆ ಪಠ್ಯಪುಸ್ತಕಗಳಿಗೂ ರಾಜಕೀಯಕ್ಕೂ ಇಳಿದಾಗಿತ್ತು. ಇಂದಿಗೂ ಅದರ ಹೆಸರಿನಲ್ಲಿ ಜನ ಜಗಳವಾಡುತ್ತಾರೆ.

ಹೊಗಳಿಕೆಯ ತೀರ್ಪೂ ಇಷ್ಟೇ ಅಪಾಯಕಾರಿ. ಹರಪ್ಪದವರು ಯುದ್ಧವನ್ನೇ ಕಾಣದವರು, ಸಮಾನತೆಯಲ್ಲಿ ಬಾಳಿದವರು, ಶಾಂತಿಯ ಮೂರ್ತಿಗಳು ಎಂದು ನಾವೆಲ್ಲ ಓದಿದ್ದೇವೆ. ಅರಮನೆ ಎಂದು ಖಚಿತವಾಗಿ ಗುರುತಿಸಬಲ್ಲ ಕಟ್ಟಡ ಅಲ್ಲಿ ಸಿಕ್ಕಿಲ್ಲ ನಿಜ. ಆದರೆ ಹರಪ್ಪದ ಸಮಾಧಿಗಳ ಎಲುಬುಗಳನ್ನು ಪರೀಕ್ಷಿಸಿ 2012ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ಹಲವು ತಲೆಬುರುಡೆಗಳ ಮೇಲೆ ಪೆಟ್ಟಿನ ಗುರುತುಗಳು ಕಂಡವು. ಆ ಎಲುಬುಗಳಲ್ಲಿ ಕುಷ್ಠದ ಕುರುಹೂ ಕಂಡಿತು. ಆ ನೋವು ಎಲ್ಲರಿಗೂ ಸಮನಾಗಿ ಹಂಚಿಕೆಯಾಗಿರಲಿಲ್ಲ. ಶಾಂತಿಯ ಸ್ವರ್ಗ ಎಂದು ಮೊದಲೇ ತೀರ್ಮಾನಿಸಿದವರ ಕಣ್ಣಿಗೆ ಪೆಟ್ಟು ತಿಂದ ಹೆಂಗಸರು, ಮಕ್ಕಳು ಬೀಳುವುದೇ ಇಲ್ಲ. ಪೂರ್ವಿಕರಿಗೆ ನಾವು ತೋರುವ ಗೌರವ ಅವರ ನೋವನ್ನು ಅಳಿಸಿಹಾಕುವಂತಿದ್ದರೆ ಅದು ಎಂಥ ಗೌರವ?

ಇದೇ ಚಟ ಇಂದು ರಾಜ್ಯ ರಾಜ್ಯಗಳ ನಡುವೆ ಪೈಪೋಟಿಯಾಗಿ ಬೆಳೆದಿದೆ. ತಮಿಳುನಾಡಿನ ಶಿವಗಂಗೆ ಜಿಲ್ಲೆಯ ಪ್ರಾಚೀನ ನೆಲೆ ಕೀಳಡಿಯಲ್ಲಿ ಅಗೆತ ಆರಂಭಿಸಿದ್ದು ಕೇಂದ್ರ ಪುರಾತತ್ವ ಇಲಾಖೆಯ ಬೆಂಗಳೂರಿನ ಉತ್ಖನನ ಶಾಖೆ. ಅದರ ನೇತೃತ್ವ ವಹಿಸಿದ್ದ ಅಧಿಕಾರಿ ಕೆ. ಅಮರನಾಥ ರಾಮಕೃಷ್ಣ 2023ರ ಜನವರಿಯಲ್ಲಿ ವರದಿ ಒಪ್ಪಿಸಿದರು. 2025ರಲ್ಲಿ ಇಲಾಖೆ ತಿದ್ದುಪಡಿ ಕೇಳಿತು, ನೆಲೆ ಎಷ್ಟು ಹಳೆಯದೆಂಬ ತಮ್ಮ ಕಾಲನಿರ್ಣಯವನ್ನು ಅವರು ಸಮರ್ಥಿಸಿಕೊಂಡರು, ಅದೇ ವರ್ಷ ಅವರ ವರ್ಗಾವಣೆಯೂ ಆಯಿತು. ಚರ್ಚೆ ಮಣ್ಣಿನ ಪದರ, ಇದ್ದಿಲಿನ ಮಾದರಿ, ಮಡಕೆಯ ಚೂರುಗಳ ಸುತ್ತ ನಡೆಯಬೇಕಿತ್ತು. ನಡೆದದ್ದು ಯಾರು ಹಳಬರು, ಯಾರು ಮೇಲು ಎಂಬುದರ ಸುತ್ತ. ಅದೇ ವರ್ಷದ ಮೇ ತಿಂಗಳಲ್ಲಿ ಕನ್ನಡ ತಮಿಳಿನಿಂದ ಹುಟ್ಟಿದ್ದು ಎಂದು ನಟ ಕಮಲ್ ಹಾಸನ್ ಹೇಳಿದಾಗ ನಮ್ಮಲ್ಲಿ ಎದ್ದ ಸಿಟ್ಟು ನ್ಯಾಯವಾದದ್ದೇ. ಎರಡೂ ಭಾಷೆಗಳು ಒಂದೇ ಮೂಲದ್ರಾವಿಡ ಭಾಷೆಯಿಂದ ಕವಲೊಡೆದವು ಎಂಬುದು ಭಾಷಾವಿಜ್ಞಾನದ ಮಾತು. ಆದರೆ ಆ ಸಿಟ್ಟಿನಲ್ಲಿ ನಮ್ಮವರೇ ಕೆಲವರು ಕನ್ನಡವೇ ಹೆಚ್ಚು ಹಳೆಯದು ಎಂದು ತಿರುಗೇಟು ಕೊಟ್ಟರಲ್ಲ, ಅದು ಅದೇ ತಪ್ಪಿನ ಇನ್ನೊಂದು ಮುಖ. ಹಳೆಯದಾದ ಮಾತ್ರಕ್ಕೆ ಯಾವ ಭಾಷೆಯೂ ಊರೂ ಹಿರಿದಾಗುವುದಿಲ್ಲ, ಹೊಸದಾದ ಮಾತ್ರಕ್ಕೆ ಕಿರಿದೂ ಆಗುವುದಿಲ್ಲ.

ಇಲ್ಲಿ ಒಂದು ಆಕ್ಷೇಪ ಏಳುತ್ತದೆ, ಅದು ಹಗುರವಾದದ್ದಲ್ಲ. ತೀರ್ಪು ಕೊಡಬೇಡಿ ಎಂದರೆ ಸತಿ, ಗುಲಾಮಗಿರಿ, ಅಸ್ಪೃಶ್ಯತೆಯನ್ನು ಕ್ಷಮಿಸಿಬಿಡಿ ಎಂದರ್ಥವೇ? ಖಂಡಿತ ಅಲ್ಲ. ನಮ್ಮದೇ ನೆಲದ ಒಂದು ಶಾಸನವನ್ನು ತೆಗೆದುಕೊಳ್ಳೋಣ. ಹೆಗ್ಗಡದೇವನಕೋಟೆ ತಾಲ್ಲೂಕಿನ ಬೆಳತೂರಿನಲ್ಲಿ 1057ನೇ ಇಸವಿಯ ಕಲ್ಲೊಂದಿದೆ. ಅದರಲ್ಲಿ ದೇಕಬ್ಬೆ ಎಂಬವಳ ಕಥೆಯಿದೆ. ಅವಳ ಗಂಡ ಏಚ ದಾಯಾದಿಯೊಬ್ಬನನ್ನು ಕೊಂದ, ಅದಕ್ಕಾಗಿ ತಲಕಾಡಿನಲ್ಲಿ ಮರಣದಂಡನೆಗೆ ಗುರಿಯಾದ. ಸುದ್ದಿ ಕೇಳಿದ ದೇಕಬ್ಬೆ ಬೆಂಕಿ ಹೊಗಲು ನಿಂತಳು. ತಂದೆತಾಯಿ, ಬಂಧುಗಳು ಬೇಡವೆಂದು ತಡೆದರು, ಅವಳು ಕೇಳಲಿಲ್ಲ. ಆ ಕಲ್ಲಿನ ಮುಂದೆ ನಿಂತು 'ಮಹಾ ಪತಿವ್ರತೆ' ಎಂದು ಕೈಮುಗಿದರೂ, 'ಅನಾಗರಿಕರು' ಎಂದು ಮುಖ ತಿರುಗಿಸಿದರೂ, ತಡೆದ ಆ ತಂದೆತಾಯಿ ನಮಗೆ ಕಾಣುವುದಿಲ್ಲ. ಸಾವಿರ ವರ್ಷಗಳ ಹಿಂದೆಯೇ ಸತಿಯನ್ನು ಒಲ್ಲದ ಹೆತ್ತವರಿದ್ದರು ಎಂಬುದು ಎಷ್ಟು ಮುಖ್ಯವಾದ ಸಂಗತಿ! ಆ ಕಾಲದವರೆಲ್ಲ ಒಂದೇ ಮನಸ್ಸಿನವರು ಎಂಬ ನಮ್ಮ ಕಲ್ಪನೆಯನ್ನೇ ಅದು ಒಡೆಯುತ್ತದೆ. ತೀರ್ಪನ್ನು ತಡೆಹಿಡಿದು ಓದಿದವರಿಗೆ ಮಾತ್ರ ಅದು ದಕ್ಕುತ್ತದೆ.

ಬದುಕಿರುವವರ ವಿಷಯದಲ್ಲಿ ತೀರ್ಪು ಕೊಡಲೇಬೇಕು, ತಡವಿಲ್ಲದೆ ಕೊಡಬೇಕು. 1987ರಲ್ಲಿ ರಾಜಸ್ಥಾನದ ದೇವರಾಲಾದಲ್ಲಿ ರೂಪ್ ಕನ್ವರ್ ಚಿತೆಯಲ್ಲಿ ಬೆಂದಾಗ ದೇಶ ಕಾನೂನು ತಂದಿತು, ಸತಿಯ ವೈಭವೀಕರಣವನ್ನೂ ಅಪರಾಧವೆಂದಿತು. ಅದು ನ್ಯಾಯ. ಆದರೆ ಆ ನ್ಯಾಯಕ್ಕೆ ಬೆಳತೂರಿನ ಕಲ್ಲನ್ನು ತಿದ್ದುವ ಅಗತ್ಯವಿಲ್ಲ, ಹಾಗೆಯೇ ಬೆಳತೂರಿನ ಕಲ್ಲನ್ನು ಓದುವುದರಿಂದ ಸತಿಗೆ ಸಮರ್ಥನೆಯೂ ಸಿಗುವುದಿಲ್ಲ. ಸತ್ತವರನ್ನು ಅರಿಯುವುದು ಅಧ್ಯಯನದ ಕೆಲಸ, ಬದುಕಿರುವವರನ್ನು ಕಾಯುವುದು ನ್ಯಾಯದ ಕೆಲಸ. ಎರಡನ್ನೂ ಕಲಸಿದರೆ ಎರಡೂ ಕೆಡುತ್ತವೆ. ಇತಿಹಾಸದಲ್ಲಿ ತಮಗೆ ಬೇಕಾದ ಹೆಮ್ಮೆಯನ್ನು ಹುಡುಕುವವರೇ ಇಂದಿನ ಅನ್ಯಾಯಕ್ಕೆ 'ಇದು ನಮ್ಮ ಪರಂಪರೆ' ಎಂಬ ಹೊದಿಕೆ ಹಾಕುತ್ತಾರೆ ಎಂಬುದನ್ನು ಮರೆಯಬಾರದು.

ಆದ್ದರಿಂದ ನನ್ನ ಒತ್ತಾಯ ಇಷ್ಟು. ವಸ್ತುಸಂಗ್ರಹಾಲಯಗಳ ಫಲಕಗಳಲ್ಲಿ ಕಂಡದ್ದು ಯಾವುದು, ಊಹಿಸಿದ್ದು ಯಾವುದು ಎಂಬುದನ್ನು ಬೇರೆ ಬೇರೆಯಾಗಿ ಬರೆಯಲಿ. 'ನರ್ತಕಿ' ಎಂಬ ಹೆಸರು ಇರಲಿ, ಅದು ಮಾರ್ಷಲ್ ಕೊಟ್ಟ ಹೆಸರೆಂಬ ಒಂದು ಸಾಲೂ ಇರಲಿ. ಪಠ್ಯಪುಸ್ತಕಗಳು ಜಗತ್ತಿಗೇ ನಾವು ಮೊದಲು ಎಂಬ ಬಡಾಯಿಯನ್ನು ಕೈಬಿಟ್ಟು, ಇದು ನಮಗೆ ಹೇಗೆ ಗೊತ್ತು ಎಂಬ ಪ್ರಶ್ನೆಯನ್ನು ಮಕ್ಕಳ ಮುಂದಿಡಲಿ. ಉತ್ಖನನದ ವರದಿಗಳನ್ನು ಯಾವ ಸರಕಾರವೂ ತನ್ನ ಅನುಕೂಲಕ್ಕೆ ತಡೆಯದಿರಲಿ, ಅವು ಪ್ರಕಟವಾಗಲಿ, ವಿದ್ವಾಂಸರು ಪುರಾವೆ ಹಿಡಿದು ವಾದಿಸಲಿ. ಸರಕಾರಿ ಲಾಂಛನವಾಗಿ ಪ್ರಾಚೀನ ಶಿಲ್ಪವೊಂದನ್ನು ಆರಿಸಿಕೊಂಡರೆ ಅದನ್ನು ಇದ್ದಂತೆಯೇ ತೋರಿಸಲಿ. ತೋರಿಸುವ ಧೈರ್ಯವಿಲ್ಲದಿದ್ದರೆ ಬೇರೊಂದನ್ನು ಆರಿಸಿಕೊಳ್ಳಲಿ.

ಓದುಗರಲ್ಲೂ ಒಂದು ಮನವಿ. ಹಂಪಿಗೋ ಬಾದಾಮಿಗೋ, ನಿಮ್ಮೂರ ಹೊಲದ ಬದುವಿನ ವೀರಗಲ್ಲಿನ ಬಳಿಗೋ ಹೋದಾಗ, ಹೆಮ್ಮೆ ಪಡಲೋ ನಾಚಿಕೊಳ್ಳಲೋ ಎಂದು ಯೋಚಿಸುವ ಮುನ್ನ ಇದನ್ನು ಯಾರು, ಯಾವಾಗ, ಯಾರ ಖರ್ಚಿನಲ್ಲಿ, ಏಕೆ ಮಾಡಿಸಿದರು ಎಂದು ಕೇಳಿ. ಪೂರ್ವಿಕರಿಗೆ ನಮ್ಮ ಪ್ರಶಸ್ತಿಪತ್ರವೂ ಬೇಕಿಲ್ಲ, ದೋಷಾರೋಪ ಪಟ್ಟಿಯೂ ಬೇಕಿಲ್ಲ. ಅವರು ಬಿಟ್ಟುಹೋದದ್ದನ್ನು ತಿದ್ದದೆ, ಮುಚ್ಚದೆ ಓದುವುದೇ ನಾವು ಅವರಿಗೆ ಸಲ್ಲಿಸಬಹುದಾದ ನಿಜವಾದ ಗೌರವ.