ಕಿಡಿ ಕಾಣದ ಗಾಡಿ

ಪರೀಕ್ಷೆಯ ದಿನ ಮುಂಜಾನೆ ತಿಕೋಟಾದಿಂದ ವಿಜಯಪುರದ ಕಾಲೇಜಿಗೆ ಹೊರಟ ಹುಡುಗನ ಗಾಡಿ ಎಷ್ಟು ಕಿಕ್ ಹೊಡೆದರೂ ಚಾಲೂ ಆಗದು ಎನ್ನಿ. ಬಸ್ ಹಿಡಿದು ಹೇಗೋ ಪರೀಕ್ಷೆ ಮುಟ್ಟುತ್ತಾನೆ. ಸಂಜೆ ಗಾಡಿ ನೋಡಿದವರು ತಂದೆಗೆ ಹೇಳುವ ಮಾತು ಸಾಮಾನ್ಯವಾಗಿ ಒಂದೇ: ‘ಸಿಡಿಐ ಸುಟ್ಟೈತ್ರಿ, ಹೊಸಾದು ಹಾಕಬೇಕು.’

ಬಿಚ್ಚಿ ನೋಡಲಾಗದ ಪೆಟ್ಟಿಗೆಯ ಮೇಲೆ ಮೊದಲು ಗುಮಾನಿ ಬರುವುದು ಸಹಜ. ಆದರೆ ಹಣ ತೆರುವ ಮೊದಲು ಒಂದು ತಾಸು ತಪಾಸಣೆ ಮಾಡುವುದು ಲಾಭ.

ಹಳೆಯ ರಾಜದೂತ್, ಯೆಜ್ದಿಗಳಲ್ಲಿ ಕಿಡಿಗೆ ‘ಪಾಯಿಂಟ್’ ಇತ್ತು. 1985ರಲ್ಲಿ ಬಂದ ಯಮಹಾ ಆರ್‌ಎಕ್ಸ್ 100ರಲ್ಲಿ ಅದರ ಜಾಗಕ್ಕೆ ಸಿಡಿಐ ಬಂತು. ಮೂಲತತ್ವ ಮಾತ್ರ ಫ್ಯಾರಡೆ 1831ರಲ್ಲಿ ಕಂಡುಹಿಡಿದದ್ದೇ, ಪಿಯುಸಿ ಪುಸ್ತಕದಲ್ಲಿರುವುದೇ. ಎಂಜಿನ್ನಿನೊಂದಿಗೆ ತಿರುಗುವ ಅಯಸ್ಕಾಂತವು ಮ್ಯಾಗ್ನೆಟೊ ಕಾಯಿಲಿನಲ್ಲಿ ವಿದ್ಯುತ್ ಹುಟ್ಟಿಸುತ್ತದೆ. ಸಿಡಿಐ ಒಳಗಿನ ಕೆಪಾಸಿಟರ್ ಅದನ್ನು ಕೂಡಿಡುತ್ತದೆ. ಪಿಕಪ್ ಕಾಯಿಲ್ ಸರಿಯಾದ ಗಳಿಗೆಗೆ ಸೂಚನೆ ಕೊಟ್ಟಾಗ ಅದು ಒಮ್ಮೆಲೇ ಇಗ್ನಿಷನ್ ಕಾಯಿಲಿಗೆ ಹರಿದು, ಸಾವಿರಾರು ವೋಲ್ಟ್ ಆಗಿ ಪ್ಲಗ್ಗಿನಲ್ಲಿ ಕಿಡಿಯಾಗುತ್ತದೆ. ಈ ಸರಪಳಿಯ ಯಾವ ಕೊಂಡಿ ಕಳಚಿದರೂ ಕಿಡಿ ಇಲ್ಲ.

ತಪಾಸಣೆ ಅಗ್ಗದ ಕಡೆಯಿಂದ ಶುರುವಾಗಲಿ. ಪ್ಲಗ್ ಬಿಚ್ಚಿದಾಗ ಪೆಟ್ರೋಲಿನಿಂದ ಒದ್ದೆಯಾಗಿದ್ದರೆ ಇಂಧನ ಬರುತ್ತಿದೆ ಎಂದರ್ಥ. ಪ್ಲಗ್ಗನ್ನು ಕ್ಯಾಪಿಗೆ ಸಿಕ್ಕಿಸಿ, ಅದರ ಲೋಹದ ಮೈ ಎಂಜಿನ್ನಿಗೆ ತಾಗುವಂತಿಟ್ಟು ಕಿಕ್ ಹೊಡೆಯಬೇಕು. ಪ್ಲಗ್ ತೂತಿನಿಂದ ದೂರವಿರಲಿ, ಪೆಟ್ರೋಲಿನ ಆವಿಗೆ ಬೆಂಕಿ ತಗಲೀತು. ಬರಿಗೈಯಲ್ಲಿ ಹಿಡಿದರೆ ಜೋರು ಶಾಕ್ ಖಂಡಿತ. ಕಿಡಿ ಕಾಣದಿದ್ದರೆ ಹೊಸ ಪ್ಲಗ್, ಆಮೇಲೆ ಬೇರೆ ಕ್ಯಾಪ್ ಹಾಕಿ ನೋಡಬೇಕು.

ಮುಂದಿನದು ಸ್ವಿಚ್ಚು. ಬಬಲೇಶ್ವರದ ಕಡೆ ಎರೆಹೊಲದ ದಾರಿಯಲ್ಲಿ ಓಡಾಡಿದ ಗಾಡಿಯನ್ನು ನೀರು ರಭಸವಾಗಿ ಬಿಟ್ಟು ತೊಳೆದರೆ, ಕೆಸರಿನ ಜೊತೆ ಹೋಗಬೇಕಾದ ನೀರು ಸ್ವಿಚ್ಚು, ಕನೆಕ್ಟರ್‌ಗಳ ಒಳಗೂ ಸೇರುತ್ತದೆ. ಮ್ಯಾಗ್ನೆಟೊದಿಂದ ನಡೆಯುವ ಸಿಡಿಐಯಲ್ಲಿ ಕೀಲಿ ಬಂದ್ ಮಾಡುವುದೆಂದರೆ ಒಂದು ತಂತಿಯನ್ನು ಗಾಡಿಯ ಮೈಗೆ, ಅಂದರೆ ಅರ್ಥಿಗೆ, ಜೋಡಿಸುವುದು. ಸ್ವಿಚ್ಚು ಕೆಟ್ಟು ಅದು ಸದಾ ಅರ್ಥ್ ಆಗಿದ್ದರೆ ಹೊಸ ಸಿಡಿಐ ಹಾಕಿದರೂ ಕಿಡಿ ಬಾರದು. ಪ್ಲಗ್ ಹೊರಗಿರುವಾಗಲೇ ಆ ತಂತಿ ಬಿಡಿಸಿ ಕಿಕ್ ಹೊಡೆದು ನೋಡಬೇಕು. ಕಿಡಿ ಬಂತೆಂದರೆ ಕಳ್ಳ ಸಿಕ್ಕ. ಬ್ಯಾಟರಿಯಿಂದ ನಡೆಯುವ ಸಿಡಿಐಯಾದರೆ ಮೊದಲು ಫ್ಯೂಸ್, ಬ್ಯಾಟರಿ ನೋಡಬೇಕು.

ಅಲ್ಲಿಯೂ ಸಿಗದಿದ್ದರೆ ಲ್ಯಾಬಿನಲ್ಲಿ ಕಂಡ ಮಲ್ಟಿಮೀಟರ್ ಕೆಲಸಕ್ಕೆ ಬರುತ್ತದೆ. ಮ್ಯಾಗ್ನೆಟೊ ಮತ್ತು ಪಿಕಪ್ ಕಾಯಿಲುಗಳ ಓಮ್ ಅಳೆದು, ಆಯಾ ಗಾಡಿಯ ಸರ್ವಿಸ್ ಕೈಪಿಡಿಯ ಅಂಕಿಗೆ ಹೋಲಿಸಬೇಕು. ಮೀಟರ್ ಅನಂತ ತೋರಿಸಿದರೆ ಒಳಗೆ ತಂತಿ ತುಂಡಾಗಿದೆ. ಕೆಲವು ಕಾಯಿಲು ಕಾದಾಗ ಮಾತ್ರ ಕೈಕೊಡುವುದರಿಂದ ಬಿಸಿಯಲ್ಲೂ ಅಳೆಯಬೇಕು. ಎಲ್ಲ ಸರಿ ಇದ್ದರೆ ಮಾತ್ರ ಸಿಡಿಐ ಸರದಿ. ಆಗಲೂ ಅದೇ ಮಾದರಿಯ ಗಾಡಿಯಿಂದ ಚೆನ್ನಾಗಿರುವ ಪೆಟ್ಟಿಗೆ ತಂದು ಹಾಕಿ ನೋಡಿಯೇ ಹೊಸದನ್ನು ಕೊಳ್ಳಬೇಕು.

2020ರ ಏಪ್ರಿಲ್‌ನಲ್ಲಿ ಬಿಎಸ್-6 ನಿಯಮ ಬಂದ ಮೇಲಿನ ಗಾಡಿಗಳಲ್ಲಿ ಹೆಚ್ಚಿನವುಗಳ ಕಿಡಿ, ಇಂಧನ ಎರಡನ್ನೂ ಇಸಿಯು ನೋಡಿಕೊಳ್ಳುತ್ತದೆ. ಅವುಗಳ ತಂತಿ ಬಿಡಿಸುವ ಸಾಹಸ ಬೇಡ. ಎಚ್ಚರಿಕೆ ದೀಪ ನೋಡಿ, ತಿಳಿದವರ ಹತ್ತಿರ ಒಯ್ಯುವುದೇ ಸರಿ.

ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು, ಕಂಡದ್ದನ್ನು ವಹಿಯಲ್ಲಿ ಬರೆದಿಡಬೇಕು. ಲ್ಯಾಬಿನಲ್ಲಿ ಕಲಿಸುವ ಪಾಠವೂ ಇದೇ. ಮಗ ಅಂಗಳದಲ್ಲಿ ಗಾಡಿ ಬಿಚ್ಚಿ ಕುಳಿತಾಗ ‘ಓದೋದು ಬಿಟ್ಟು ಇದೇನೋ’ ಎಂದು ಗದರುವ ತಂದೆ, ಆ ವಹಿಯನ್ನೊಮ್ಮೆ ತೆರೆದು ನೋಡಲಿ.